ನಮ್ಮ ಕಾಕಾ ಮತ್ತು ಬಾಗಿಲಲ್ಲಿ ನಿಂತ ವೀರ

ಜೂನ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಇದು ಶುರುವಾದ ಹೊತ್ತು. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ಯಾರೂ ಅಲ್ಲಗಳೆಯುವಂತಿಲ್ಲ.

ಒಂದು ಗುಂಡಿಯನ್ನೂ ಒತ್ತದೆ ವಿಡಿಯೋ ಗೇಮಿನಲ್ಲಿ ಎದುರಾಳಿಯನ್ನು ಸೋಲಿಸಬಲ್ಲ ಮನುಷ್ಯ ಇಡೀ ಕೊಪ್ಪಳ ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಕಾಕಾ. ಎದುರಾಳಿ ಯಾರು ಅಂದಿರಾ? ಗೇಮಿನೊಳಗಿನ ರಾಕ್ಷಸನಲ್ಲ ಸ್ವಾಮಿ, ಗೇಮ್ ಆಡುತ್ತಿದ್ದ ನಾನು!

ಮೊದಲು ನನ್ನ ಕಡೆಯ ಅಹವಾಲು ಕೇಳಿ. ಕೊಪ್ಪಳದ ಒಂದು ಲ್ಯಾಬಿನಲ್ಲಿ ರಕ್ತಕಣ ಎಣಿಸುವುದು ನನ್ನ ಕೆಲಸ. ಎಣಿಕೆ ತಪ್ಪಿದರೆ ನನಗೆ ಊಟ ಸೇರುವುದಿಲ್ಲ. ಕಾಲೇಜಿನ ದಿನಗಳ ಗೆಳತಿಯೊಬ್ಬಳು ಗಂಗಾವತಿಯಲ್ಲಿದ್ದಾಳೆ. ಇಬ್ಬರೂ ಸೇರಿ ಒಂದು ಹಳೆಯ ಗೇಮ್ ಕನ್ಸೋಲ್ ಕೊಂಡೆವು. ಒಂದು ಕನ್ಸೋಲ್, ಎರಡು ಊರು. ಯಾರ ಮನೆಯಲ್ಲಿರಬೇಕು? ಅದಕ್ಕೊಂದು ಕರಾರು ಮಾಡಿಕೊಂಡೆವು. ಅದರ ಜೊತೆ ಬಂದ ಗೇಮನ್ನು ಇಬ್ಬರೂ ಒಂದೊಂದು ಸಲ ಮುಗಿಸಬೇಕು. ಯಾರು ಕಡಿಮೆ ಸಮಯದಲ್ಲಿ ಮುಗಿಸುತ್ತಾರೋ ಅವರ ಮನೆಯಲ್ಲಿ ಅದು ವರ್ಷವಿಡೀ ಇರತಕ್ಕದ್ದು. ಆಟವನ್ನು ಸೇವ್ ಮಾಡಿ ಏಳಬಹುದು, ಆಡುವಾಗ ನಡುವೆ ಗಡಿಯಾರ ನಿಲ್ಲಿಸುವಂತಿಲ್ಲ. ಕೊನೆಯ ದಿನ ಜುಲೈ ಕಡೆಯ ಭಾನುವಾರ. ಗೆಳತಿ ತನ್ನ ಪಾಲಿನ ಆಟ ಮುಗಿಸಿ ಕನ್ಸೋಲ್ ಕಳಿಸಿದಳು. ಅವಳ ಸಮಯ: ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ನನ್ನ ಲೆಕ್ಕದಲ್ಲಿ ನನಗೆ ಒಂಬತ್ತು ಗಂಟೆ ಸಾಕು.

ಸಾಕಾಗುತ್ತಿತ್ತು, ಕಾಕಾ ಇಲ್ಲದಿದ್ದರೆ.

ಅಪ್ಪನ ತಮ್ಮನಾದ ಈ ಕಾಕಾ ಕೋರ್ಟಿನಲ್ಲಿ ಬೇಲೀಫ್ ಆಗಿದ್ದವರು. ಬೇಲೀಫ್ ಅಂದರೆ ಊರೂರು ತಿರುಗಿ, ಮನೆ ಹುಡುಕಿ, ಸಮನ್ಸು ನೋಟೀಸು ಮುಟ್ಟಿಸಿ, ಸಹಿ ತೆಗೆದುಕೊಂಡು ಬರುವ ಮನುಷ್ಯ. ಮೂವತ್ತೊಂದು ವರ್ಷ ಸೈಕಲ್ಲು, ಬಸ್ಸು, ಕಾಲ್ನಡಿಗೆಯಲ್ಲಿ ನಾಲ್ಕು ತಾಲೂಕು ಸುತ್ತಿದ್ದಾರೆ. ಈಗ ನಿವೃತ್ತರಾಗಿ ನಮ್ಮ ಪಡಸಾಲೆಯ ಕುರ್ಚಿಯಲ್ಲಿ ನೆಲೆಸಿದ್ದಾರೆ. ಟಿವಿ ಇರುವುದೂ ಅದೇ ಪಡಸಾಲೆಯಲ್ಲಿ. ನನಗೆ ಬಿಡುವಿರುವುದು ಭಾನುವಾರ ಮಾತ್ರ. ಇನ್ನೇನು ಹೇಳಲಿ?

ಆ ಮೊದಲ ಭಾನುವಾರ ಗೇಮ್ ಶುರು ಮಾಡಿ, ಆರಂಭದ ದೃಶ್ಯವನ್ನು ಗುಂಡಿ ಒತ್ತಿ ದಾಟಿಸಿ, ಸೇತುವೆಯ ಕಾವಲುಗಾರನ ಹತ್ತಿರ ಬಂದೆ. ಅವನು ಬಾಯಿ ತೆರೆದ. ಅವನ ಮಾತನ್ನೂ ದಾಟಿಸಿದೆ.

"ಏನಂದ ಅಂವಾ?" ಹಿಂದಿನಿಂದ ದನಿ ಬಂತು.

ಏನೋ ಅಂದಿರಬೇಕು, ಅದಕ್ಕೂ ಗೇಮಿಗೂ ಸಂಬಂಧವಿಲ್ಲ ಎಂದೆ.

"ಮಾತಾಡಾಕ ಬಾಯಿ ತಗದಾವನ್ನ ಹಂಗ ಬಿಟ್ಟು ಹ್ವಾದ್ರ ಹೆಂಗವಾ? ಯಾರು, ಯಾವೂರು, ತಂದಿ ಹೆಸರೇನು, ಕೇಳಬೇಕಿಲ್ಲೇನು?"

ಕಾವಲುಗಾರನ ತಂದೆಯ ಹೆಸರು! ಅವನನ್ನು ಮಾಡಿದವರಿಗೇ ಅದು ಗೊತ್ತಿರುವುದು ಅನುಮಾನ. ಆದರೂ ಕಾಕಾ ಬಿಡಲಿಲ್ಲ. ಗೇಮನ್ನು ಮೊದಲಿನಿಂದ ಶುರು ಮಾಡಿಸಿದರು. ಅದರಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ. ಹೀಗಾಗಿ ಪರದೆಯ ಮೇಲೆ ಯಾರು ತುಟಿ ಅಲ್ಲಾಡಿಸಿದರೂ ನಾನು ಕನ್ನಡದಲ್ಲಿ ಹೇಳಬೇಕು. ಗೇಮಿನ ಗಡಿಯಾರ ಮಾತ್ರ ಯಾರ ಮಾತಿಗೂ ನಿಲ್ಲುವುದಿಲ್ಲ. ಬಾವಿಕಟ್ಟೆಯ ಮೇಲೆ ಕೂತ ಒಬ್ಬ ಹೆಂಗಸಿಗೆ ನಲವತ್ಮೂರು ಸಾಲು ಮಾತಿತ್ತು. ಹತ್ತೊಂಬತ್ತು ನಿಮಿಷ ಹೋಯಿತು. ಅಷ್ಟು ಹೊತ್ತಿಗೆ ನಾನು ಮೂರು ಕೋಟೆ ಗೆಲ್ಲುತ್ತಿದ್ದೆ!

ವೀರರೆಲ್ಲ ಮನೆಗಳಿಗೆ ನುಗ್ಗಿ, ಗಡಿಗೆ ಒಡೆದು, ಒಳಗಿನ ನಾಣ್ಯ ತೆಗೆದುಕೊಳ್ಳುವುದು ವಿಡಿಯೋ ಗೇಮಿನ ಸರ್ವಸಮ್ಮತ ಪದ್ಧತಿ. ಮುಂದಿನ ಭಾನುವಾರ ನನ್ನ ವೀರ ಹಾಗೆಯೇ ಮೊದಲ ಮನೆಯ ಬಾಗಿಲು ಒದ್ದ. ಕಾಕಾ ಕುರ್ಚಿಯಿಂದ ಎದ್ದೇ ನಿಂತರು. ಮೂವತ್ತೊಂದು ವರ್ಷದಲ್ಲಿ ತಾವು ಕೂಗದೆ ಒಬ್ಬರ ಹೊಸ್ತಿಲೂ ತುಳಿದಿಲ್ಲವಂತೆ. ಕೈಯಲ್ಲಿ ಸರಕಾರದ ಕಾಗದವಿದ್ದ ತಾವೇ ಹೊರಗೆ ನಿಂತಿರುವಾಗ, ಕತ್ತಿ ಹಿಡಿದ ಈ ಪುಂಡ ಯಾರು? ಅಂದಿನಿಂದ ನನ್ನ ವೀರ ಪ್ರತಿ ಬಾಗಿಲಲ್ಲೂ ಇಪ್ಪತ್ತು ಎಣಿಸುವವರೆಗೆ ಕೈಕಟ್ಟಿ ನಿಲ್ಲಬೇಕಾಯಿತು. ಒಟ್ಟು ಬಾಗಿಲು ನೂರಾ ಹದಿನೆಂಟು. ಒಂದು ಮನೆಯಿಂದಲೂ ಯಾರೂ ಬಂದು ತೆರೆಯಲಿಲ್ಲ. ಬಂದು ತೆರೆಯಲು ಅವರೇನು ಮನುಷ್ಯರೇ? ಮನೆಯವರು ಸಿಗದಿದ್ದರೆ ಅಕ್ಕಪಕ್ಕದ ಇಬ್ಬರು ಪಂಚರನ್ನು ಕರೆದು, ಅವರೆದುರು ಕಾಗದವನ್ನು ಬಾಗಿಲಿಗೆ ಅಂಟಿಸಿ ಬರಬೇಕು ಎಂದು ಕಾಕಾ ಕ್ರಮ ವಿವರಿಸಿದರು. ನನ್ನ ವೀರನ ಚೀಲದಲ್ಲಿ ಹದಿನಾರು ಬಗೆಯ ಆಯುಧಗಳಿದ್ದವು, ಅಂಟು ಮಾತ್ರ ಇರಲಿಲ್ಲ.

ಸಿಟ್ಟು ಬಂದು ಮೂರನೇ ಭಾನುವಾರ ಕಂಟ್ರೋಲರನ್ನು ಅವರ ಕೈಗೇ ಕೊಟ್ಟೆ. ಕತೆ ಅಷ್ಟು ದೊಡ್ಡದಾದರೆ ನೀವೇ ಆಡಿ ತೋರಿಸಿ ಎಂದೆ. ಕಾಕಾ ಹಣೆಗೆ ಏರಿಸಿದ್ದ ಕನ್ನಡಕ ಇಳಿಸಿಕೊಂಡು ಕೂತರು. ವೀರ ಹಿಂದೆ ಹಿಂದೆ ನಡೆದು ಹೊಳೆಗೆ ಬಿದ್ದ. ಹದಿನಾಲ್ಕು ಸಲ ಬಿದ್ದ. ಪ್ರತಿ ಸಲ ಜೀವ ಬಂದಾಗಲೂ ಕಾಕಾ, ಸತ್ತವನು ಹೀಗೆ ಎದ್ದು ಬರುತ್ತಿದ್ದರೆ ಯಾವ ದಾವೆಯೂ ಮುಗಿಯುವುದಿಲ್ಲ ಎಂದು ಗೊಣಗಿದರು. ಕಡೆಗೆ ಹೇಗೋ ರಾಣಿಯ ಮುಂದೆ ತಲುಪಿದರು. ರಾಣಿ ಗಂಡನನ್ನು ಕಳೆದುಕೊಂಡ ದುಃಖ ಹೇಳುತ್ತಿದ್ದಾಳೆ, ಕಾಕಾನ ಹೆಬ್ಬೆರಳು ಜಿಗಿಯುವ ಗುಂಡಿಯ ಮೇಲೆ! ಆಕೆ ಬಿಕ್ಕಿ ಬಿಕ್ಕಿ ಅಳುವಷ್ಟು ಹೊತ್ತೂ ವೀರ ಅವಳೆದುರು ಕಪ್ಪೆಯ ಹಾಗೆ ಕುಪ್ಪಳಿಸಿದ. ನೋಡಿದಿರಾ, ಕೈ ಪಳಗದಿದ್ದರೆ ಎಂಥ ಕತೆಯ ಗತಿಯೂ ಇಷ್ಟೇ ಎಂದು ನಾನು ವಿಜಯೋತ್ಸಾಹದಿಂದ ಹೇಳಿದೆ. ಕಾಕಾ ಪರದೆಯತ್ತ ಕೈಮುಗಿದು ರಾಣಿಯ ಕ್ಷಮೆ ಕೇಳಿ ಕಂಟ್ರೋಲರ್ ವಾಪಸು ಕೊಟ್ಟರು. ಆ ದಿನ ನನಗಾದ ನಷ್ಟ ನಲವತ್ತೊಂದು ನಿಮಿಷ.

ನೀವೇ ನ್ಯಾಯ ಹೇಳಿ. ಕತೆ ಬೇಕಿದ್ದವರಿಗೆ ಪುಸ್ತಕವಿಲ್ಲವೇ, ಸಿನಿಮಾ ಇಲ್ಲವೇ? ಗೇಮಿನಲ್ಲಿ ಕತೆ ಅನ್ನುವುದು ಶೇಂಗಾದ ಸಿಪ್ಪೆ. ಕಾಳು ಇರುವುದು ಕೈಯಲ್ಲಿ, ಕಣ್ಣಿನಲ್ಲಿ, ಗುಂಡಿ ಒತ್ತುವ ಆ ಕ್ಷಣದಲ್ಲಿ. ಮುರಿದ ಸೇತುವೆಯೊಂದಿದೆ, ಮೂರು ಜಿಗಿತದಲ್ಲಿ ದಾಟಬೇಕು. ಅಭ್ಯಾಸ ಮಾಡುವಾಗ ಮೂವತ್ತೆಂಟು ಸಲ ಬಿದ್ದು ಮೂವತ್ತೊಂಬತ್ತನೇ ಸಲ ದಾಟಿದ್ದೆ. ಆಗ ಮೈಯಲ್ಲಿ ಹರಿದದ್ದನ್ನು ಯಾವ ಕತೆಗಾರ ಕೊಡಬಲ್ಲ? ಇದನ್ನೇ ಕಾಕಾನ ಮುಂದೆ ಮಂಡಿಸಿದೆ. ಅವರು ಎಲ್ಲ ಕೇಳಿ, ಸೇತುವೆಯ ಆಚೆ ಆ ಹುಡುಗನಿಗೆ ಏನು ಕೆಲಸವಿತ್ತು ಎಂದು ಕೇಳಿದರು. ನಾನು ಮಾತು ಬದಲಿಸಿದೆ.

ಜುಲೈ ಎರಡನೇ ಭಾನುವಾರ ಗಂಗಾವತಿಯಿಂದ ಗೆಳತಿ ತಪಾಸಣೆಗೆ ಬಂದಳು. ನನ್ನ ಪಕ್ಷಕ್ಕೊಬ್ಬ ಸಾಕ್ಷಿ ಸಿಕ್ಕಂತಾಯಿತು! ಅವಳೂ ನನ್ನಂತೆಯೇ ಕತೆಯನ್ನೆಲ್ಲ ದಾಟಿಸಿ ಆಡಿದವಳು. ಕಾಕಾ ಅವಳಿಗೆ ಚಹಾ ಕೊಡಿಸಿ, ನಿಧಾನಕ್ಕೆ ಒಂದೇ ಪ್ರಶ್ನೆ ಹಾಕಿದರು.

"ಅಲ್ಲವಾ ತಂಗಿ, ಆ ಹುಡುಗ ಯಾಕ ಹೊಂಟಾನ?"

ತಂಗಿಯನ್ನು ಕದ್ದೊಯ್ದಿದ್ದಾರೆ, ಅದಕ್ಕೆ ಎಂದಳು ಗೆಳತಿ. ಅಲ್ಲ, ಅವನ ಅಪ್ಪನನ್ನು ಕೊಂದಿದ್ದಾರೆ ಎಂದೆ ನಾನು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಅಂವಗ ತಂಗೀನೂ ಇಲ್ಲ, ಅಪ್ಪನೂ ಸತ್ತಿಲ್ಲ. ವೈರಿ ಕಡಿಯಾವ ಬಂದು ಸುಳ್ಳು ಹೇಳಿದ್ದಕ್ಕ, ಊರ ಅಗಸಿ ಬಾಗ್ಲಾ ಇಂವನ ತಗದಾನ. ಊರು ಸುಟ್ಟೈತಿ. ಅದಕ್ಕ ಹೊಂಟಾನ."

ಅದು ಆರಂಭದ ದೃಶ್ಯದಲ್ಲೇ ಇತ್ತು. ಕನ್ನಡದಲ್ಲಿ ಹೇಳಿದವಳೂ ನಾನೇ! ಕಣ್ಣು ಗಡಿಯಾರದ ಮೇಲಿಟ್ಟು ಹೇಳಿದ್ದೆ, ಒಂದು ಪದವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಗೆಳತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಕಾ ಹೇಳುವುದೇ ಖರೆ ಎಂದಳು. ಹಾಗಾದರೆ ಬಾಗಿಲಲ್ಲಿ ನಿಂತ ಹೊತ್ತನ್ನು ಲೆಕ್ಕದಿಂದ ಬಿಡುತ್ತೀಯಾ ಎಂದು ಕೇಳಿದೆ. ಕರಾರು ಕರಾರೇ ಎಂದಳು. ಸಾಕ್ಷಿ ತಿರುಗಿಬಿದ್ದ ಸಮಯ ಮಧ್ಯಾಹ್ನ ಹನ್ನೆರಡು ಗಂಟೆ ಐದು ನಿಮಿಷ.

ಕಡೆಯ ಭಾನುವಾರ ಬಂತು. ಗೇಮಿನ ಗಡಿಯಾರ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ತೋರಿಸುತ್ತಿತ್ತು. ಗೆಳತಿಯನ್ನು ಹಿಂದೆ ಹಾಕಲು ಇಪ್ಪತ್ತೆರಡು ನಿಮಿಷವಿತ್ತು. ಉಳಿದದ್ದು ಕೊನೆಯ ಕೋಟೆ, ಅದಕ್ಕೆ ಹದಿನೈದು ನಿಮಿಷ ಸಾಕು. ಗೆದ್ದೆ ಅಂದುಕೊಂಡೆ. ಕೋಟೆಯ ದಾರಿಯಲ್ಲಿ ಒಬ್ಬ ಮುದುಕಿ ಎದ್ದು ಬಂದು, ಊರು ಸುಟ್ಟ ದಿನ ತಪ್ಪಿಸಿಕೊಂಡ ಮಗನನ್ನು ಹುಡುಕಿಕೊಡು ಎಂದು ಕೇಳಿದಳು. ಎಡಗಡೆ ಬೆಟ್ಟದ ದಾರಿ. ಹೋದರೆ ಅರ್ಧ ಗಂಟೆ, ಹೋಗದಿದ್ದರೂ ಗೇಮ್ ಮುಗಿಯುತ್ತದೆ. ನಾನು ವೀರನನ್ನು ಕೋಟೆಯ ಕಡೆ ತಿರುಗಿಸಿದೆ.

"ಆಕಿ ಮಗ ಸಿಗ್ತಾನಿಲ್ಲೋ ನೋಡೂಣೇನವಾ?" ಎಂದರು ಕಾಕಾ.

ಏಳು ವಾರದ ಸಿಟ್ಟು ಒಮ್ಮೆಲೇ ಹೊರಗೆ ಬಂತು. "ಕಾಕಾ, ಮೂವತ್ತೊಂದು ವರ್ಷ ಮಂದಿ ಬಾಗ್ಲಾಗ ನಿಂತ್ರೆಲ್ಲ, ಒಂದು ಮನಿ ಕತಿ ಏನಾತಂತ ನೀವು ಕೇಳೀರೇನು?"

ಕಾಕಾ ಪರದೆಯಿಂದ ಕಣ್ಣು ತೆಗೆದು ನನ್ನತ್ತ ತಿರುಗಿದರು.

"ಇಲ್ಲವಾ. ಕೇಳಂಗಿರಲಿಲ್ಲ. ಕಾಗದ ಕೊಡೂದು, ಸಹಿ ತಗೊಳ್ಳೂದು, ಹೊಳ್ಳಿ ಬರೂದು."

ಆಮೇಲೆ ಹೇಳಿದರು. ಇಪ್ಪತ್ತು ವರ್ಷಕ್ಕೂ ಹಿಂದೆ ಕುಷ್ಟಗಿ ಕಡೆಯ ಒಂದು ಹಳ್ಳಿಗೆ ನೋಟೀಸು ತೆಗೆದುಕೊಂಡು ಹೋಗಿದ್ದರಂತೆ. ಗಂಡ ಬಿಟ್ಟ ಹೆಣ್ಣುಮಗಳು, ರೊಟ್ಟಿ ಬಡಿಯುತ್ತಿದ್ದಳು. ಕೂಸು ತನ್ನ ಹತ್ತಿರ ಇರಬೇಕೆಂದು ಗಂಡ ಹಾಕಿದ ದಾವೆ ಅದು. ಅವಳಿಗೆ ಸಹಿ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಲು ಕೈ ತೊಳೆದುಕೊಂಡು ಬರುತ್ತೇನೆ ಎಂದು ಕಂಕುಳಲ್ಲಿದ್ದ ಕೂಸನ್ನು ಇವರ ಕೈಗೆ ಕೊಟ್ಟು ಒಳಗೆ ಹೋದಳು. ಕೂಸು ಇವರ ಜೇಬಿನ ಪೆನ್ನು ಹಿಡಿದುಕೊಂಡಿತು. ಬಿಡಿಸಲು ನೋಡಿದರೆ ಬಿಡಲಿಲ್ಲ. ಪೆನ್ನು ಅಲ್ಲೇ ಬಿಟ್ಟು ಬಂದರು. ದಾವೆಯ ತಾರೀಕಿನ ದಿನ ಇವರನ್ನು ಯಲಬುರ್ಗಾ ಕಡೆಗೆ ಕಳಿಸಿದ್ದರು. ಮುಂದೆ ಗಂಗಾವತಿಗೆ ವರ್ಗವಾಯಿತು. ಬೇಲೀಫನಾದವನು ತೀರ್ಪು ಏನಾಯಿತೆಂದು ಕೇಳಿದರೆ, ನಿನಗೇನು ಸಂಬಂಧ ಎಂದಾರು ಅನ್ನಿಸಿ ಕೇಳಲಿಲ್ಲವಂತೆ.

"ಆ ಕಾಗದ ಆಕಿ ಕೈಯಾಗ ಇಟ್ಟಾವ ನಾನಲ್ಲೇನವಾ," ಎಂದರು. "ಕೂಸು ಯಾರ ಕಡೆ ಹೋತೋ."

ನಾನು ವೀರನನ್ನು ಎಡಗಡೆ ಬೆಟ್ಟದ ದಾರಿಗೆ ತಿರುಗಿಸಿದೆ. ಎರಡು ಕಣಿವೆ, ಒಂದು ಗುಹೆ. ಒಂದು ಸಾಲು ಮಾತನ್ನೂ ದಾಟಿಸಲಿಲ್ಲ. ಹನ್ನೊಂದು ನಲವತ್ತೆರಡು ಯಾವಾಗ ಕಳೆಯಿತು ಎಂದು ನೋಡಿ ಬರೆದುಕೊಳ್ಳಲೂ ಇಲ್ಲ. ಮುದುಕಿಯ ಮಗ ಗುಹೆಯಾಚೆಯ ಕುರಿಹಟ್ಟಿಯಲ್ಲಿ ಸಿಕ್ಕ. ಕಾಕಾ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಬಹಳ ಹೊತ್ತು ಒರೆಸಿದರು. ಮರುವಾರ ಗೆಳತಿ ಬಂದು ಕನ್ಸೋಲ್ ಒಯ್ದಳು. ಮುಟ್ಟಿದ್ದಕ್ಕೆ ಅವಳಿಂದ ಕಾಕಾ ಸಹಿ ತೆಗೆದುಕೊಂಡರು.

ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಗೇಮಿನಲ್ಲಿ ಆಡುವುದೇ ಮುಖ್ಯ, ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ. ಆದರೆ ಓದುಗರಲ್ಲಿ ಕುಷ್ಟಗಿ ಕಡೆಯವರು ಯಾರಾದರೂ ಇದ್ದರೆ ಕೇಳಿ. ಮನೆಯ ಮುಂದೆ ಬೇವಿನ ಮರ, ಪಕ್ಕದಲ್ಲಿ ಹಿಟ್ಟಿನ ಗಿರಣಿ ಇತ್ತಂತೆ. ಊರಿನ ಹೆಸರು ಕಾಕಾನಿಗೆ ಮರೆತಿದೆ. ಆ ಕೂಸಿಗೆ ಈಗ ಹೆಚ್ಚುಕಡಿಮೆ ನನ್ನ ವಯಸ್ಸು. ಗೊತ್ತಿದ್ದವರು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಹೆಸರು ಬೇಡ, ಊರೂ ಬೇಡ. ತಾಯಿಯ ಹತ್ತಿರವೇ ಬೆಳೆಯಿತೋ ಇಲ್ಲವೋ, ಅಷ್ಟು ತಿಳಿಸಿದರೆ ಸಾಕು. ಕಾಕಾನಿಗೆ ನಾನು ಓದಿ ಹೇಳುತ್ತೇನೆ.