ಕಟ್ಟಿನೊಳಗಿನ ರಾಷ್ಟ್ರಪತಿಗಳು

ನಾನು ಸುತ್ತಿಗೆ ಹಿಡಿದು ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ, ಅಲ್ಲಿ ಏನಾದರೊಂದು ಆಗದೆ ಕೆಳಗೆ ಇಳಿದದ್ದಿಲ್ಲ. ಚಿತ್ತವಾಡ್ಗಿಯಲ್ಲಿ ಫೋಟೋಕ್ಕೆ ಕಟ್ಟು ಹಾಕೋ ಅಂಗಡಿ ನಂದು. ದೇವರ ಪಟ, ಮದುವೆ ಫೋಟೋ ಯಾರು ಬೇಕಾದರೂ ಹಾಕ್ತಾರೆ. ಆದರೆ ಹೊಸಪೇಟೆ, ಸಂಡೂರು, ಕಂಪ್ಲಿ, ಈ ಮೂರೂ ಕಡೆ ರಾಷ್ಟ್ರಪತಿಗಳನ್ನು ಗೋಡೆಗೆ ಏರಿಸಿದ ಕೈ ಇದೊಂದೇ. ಡೆಲ್ಲಿಯಲ್ಲಿ ಅವರು ಪ್ರಮಾಣ ಮಾಡಿದರೆ ಅರ್ಧ ಕೆಲಸ ಆದಂಗ. ಇಲ್ಲಿ ನಾನು ಮೊಳೆ ಹೊಡೆದ ಮೇಲೇ ಪೂರಾ. ಒಬ್ಬರು ಹಂಪಿಗೆ ಬಂದಾಗ ಕಾರಿನ ಕಿಟಕಿಯಿಂದ ನನಗೇ ಕೈ ಬೀಸಿದರು. ನನ್ನ ಹಿಂದೆ ಸಾವಿರ ಮಂದಿ ನಿಂತಿದ್ದರು, ಅದು ಬೇರೆ ಮಾತು.

ಓದು ಬರಹ ನನಗೆ ಬರೋದಿಲ್ಲ. ಇದನ್ನೂ ನಾನು ಹೇಳ್ತಿದ್ದೀನಿ, ಸೊಸೆ ಬರೀತಿದ್ದಾಳೆ. ಹೋದ ವರ್ಷ ಅದೇ ಕುತ್ತಿಗೆಗೆ ಬಂತು. ಹೊಸಪೇಟೆಯ ಒಂದು ಕಚೇರಿಗೆ ಮೈಸೂರು ಕಡೆಯ ಹೊಸ ಸಾಹೇಬರು ಬಂದರು. ಗೋಡೆಗೆ ಬಣ್ಣ ಹೊಡೆಸಿ, ಕೈಕೆಳಗಿನ ಎಲ್ಲಾ ಕಚೇರಿಯ ಕಟ್ಟುಗಳನ್ನೂ ಹೊಸದು ಮಾಡಿಸೋರಿದ್ದರು.

"ಅಜ್ಜ, ನಿಮಗೆ ಓದೋಕೆ ಬರಲ್ಲ. ಯಾರ ಫೋಟೋ ಕೆಳಗೆ ಯಾರ ಹೆಸರು ಅಂಟಿಸ್ತೀರೋ ಏನೋ. ಸೋಮವಾರ ಬಂದು ಮೊದಲನೆಯವರಿಂದ ಈಗಿನವರ ತನಕ ಸಾಲಾಗಿ ಹೇಳಿ. ತಪ್ಪಿದರೆ ಕೆಲಸ ಬೇರೆ ಅಂಗಡಿಗೆ" ಅಂದರು.

"ಡೆಲ್ಲಿಯವರೂ ಮರೆತ್ರ ನನ್ನ ಕೇಳಬೇಕ್ರಿ" ಅಂತ ಹೇಳಿ ಬಂದೆ. ಮನೆಗೆ ಬಂದು ಎಣಿಸಿದರೆ ಒಮ್ಮೆ ಹದಿನೈದು ಬಂತು, ಒಮ್ಮೆ ಹದಿನೇಳು, ಮತ್ತೊಮ್ಮೆ ಹದಿನೆಂಟು. ಐವತ್ತು ವರ್ಷದ ಕೆಲಸ ಕೈಬಿಡ್ತದಲ್ಲ ಅನ್ನಿಸ್ತು. ಒಬ್ಬೊಬ್ಬರನ್ನೂ ಅವರವರ ಗೋಡೆಯಿಂದ ನೆನಪು ಮಾಡಿಕೊಳ್ಳೋಣ ಅಂತ ಕುಂತೆ.

೧. ಹೋದವರೇ ಬಂದರು

ಹೊಸದಾಗಿ ಅಂಗಡಿ ಇಟ್ಟ ಕಾಲ. ಬೇಸಿಗೆಯಲ್ಲಿ ಒಬ್ಬ ರಾಷ್ಟ್ರಪತಿಗಳು ಕುರ್ಚಿಯಲ್ಲಿದ್ದಾಗಲೇ ತೀರಿಕೊಂಡರು. ನಮ್ಮೂರ ಶಾಲೆಯ ಹೆಡ್‌ಮಾಸ್ತರು ಭಾಳ ಶಿಸ್ತಿನ ಮನುಷ್ಯ. "ಡೆಲ್ಲಿ ಕುರ್ಚ್ಯಾಗ ಯಾರದಾರೋ ನನ್ನ ಗ್ವಾಡಿ ಮ್ಯಾಲೂ ಅವರೇ ಇರಬೇಕು" ಅನ್ನೋರು. ಸದ್ಯಕ್ಕೆ ಅಂತ ಕುಂತವರ ಫೋಟೋ ತಂದು ಕೊಟ್ಟರು, ಕಟ್ಟು ಹಾಕಿದೆ. ಇಳಿಸಿದವರನ್ನು ರದ್ದಿಗೆ ಹಾಕಿದರೆ ಪಾಪ ಅಂತ, ಹೊಸಬರ ಬೆನ್ನ ಹಿಂದೆ ಹಾಗೇ ಇಟ್ಟೆ. ಅವತ್ತಿನಿಂದ ಅದೇ ನನ್ನ ಪದ್ಧತಿ.

ಎರಡು ತಿಂಗಳಿಗೆ ಮಾಸ್ತರು ಓಡಿ ಬಂದರು. "ಅವರೂ ಬಿಟ್ಟರೋ. ಚುನಾವಣೆಗೆ ನಿಂತಾರಂತ. ಈಗ ಜಡ್ಜ್ ಸಾಹೇಬರು ಕುಂತಾರ."

ಜಡ್ಜ್ ಸಾಹೇಬರಿಗೂ ಕಟ್ಟು ಹಾಕಿದೆ. ಇನ್ನೊಂದು ತಿಂಗಳಿಗೆ ಮಾಸ್ತರು ಮತ್ತೆ ಬಂದರು, ಈ ಸಲ ನಡಕೊಂಡು. ಪಾಪ, ದಣಿದಿದ್ದರು.

"ಈಗ ಯಾರ್ರಿ?" ಅಂದೆ.

"ಹೋದವರೇ ಗೆದ್ದು ಬಂದಾರ. ಅವರ ಫೋಟೋ ಎಲ್ಲಿಂದ ತರಲೋ ಮತ್ತ?"

ಕಟ್ಟು ಬಿಚ್ಚಿದೆ. ಹಿಂದಿದ್ದವರನ್ನು ಮುಂದಕ್ಕೆ, ಮುಂದಿದ್ದವರನ್ನು ಹಿಂದಕ್ಕೆ ಮಾಡಿದೆ. ಡೆಲ್ಲಿಗೆ ಒಂದು ಬೇಸಿಗೆ ಹಿಡಿದ ಕೆಲಸ, ನನ್ನ ಅಂಗಡಿಯಲ್ಲಿ ಎರಡು ಬೀಡಿ ಸೇದೋದರೊಳಗೆ ಮುಗೀತು.

ಆದರೆ ಈಗ ನೋಡ್ರಿ, ಹೋಗಿ ಬಂದವರನ್ನು ಒಂದು ಅಂತ ಎಣಿಸಲೋ ಎರಡು ಅಂತಲೋ? ಜಡ್ಜ್ ಸಾಹೇಬರು ಲೆಕ್ಕದಾಗ ಬರ್ತಾರೋ ಇಲ್ಲೋ? ಮುಂದೊಂದು ಸಲ ಹಿಂಗೇ ಆದಾಗ ನಮ್ಮ ವಿಜಾಪುರ ಕಡೆಯವರೇ ಒಬ್ಬರು ಕೆಲವು ತಿಂಗಳು ಕುಂತಿದ್ದರು. ನಮ್ಮವರನ್ನು ಬಿಟ್ಟು ಎಣಿಸೋಕೆ ನನಗೆ ಮನಸ್ಸು ಬರಲಿಲ್ಲ.

೨. ಸಂಡೂರಿನಲ್ಲಿ ಬಿದ್ದವರು

ಬೆನ್ನ ಹಿಂದೆ ಬೆನ್ನು ಸೇರಿ ಕಟ್ಟು ದಪ್ಪ ಆಗ್ತಾ ಹೋಯಿತು. ಸಂಡೂರಿನ ಒಂದು ಕಚೇರಿಯಲ್ಲಂತೂ ನನ್ನ ರಾಷ್ಟ್ರಪತಿ ತಲೆದಿಂಬಿನಷ್ಟು ಊದಿದ್ದರು. ಗೋಡೆಗೆ ಬಡಿದದ್ದು ಗಣಿ ಲಾರಿಗೆ ಬಡಿಯೋ ಮೊಳೆ. ಆದರೂ ಒಂದು ದಿನ, ಹೊರಗೆ ಅದಿರಿನ ಲಾರಿ ಹೋದ ಅದುರಾಟಕ್ಕೆ, ಇಡೀ ಕಟ್ಟು ಬಂದು ಅಧಿಕಾರಿಗಳ ಊಟದ ಡಬ್ಬಿ ಮೇಲೆ ಬಿತ್ತು. ರೊಟ್ಟಿ, ಪುಂಡಿಪಲ್ಯ ಎಲ್ಲಾ ನೆಲದ ಪಾಲು.

ನನ್ನ ಕರೆಸಿದರು. "ಏನಪ, ಒಬ್ಬ ಮನುಷ್ಯನ ಫೋಟೋ ಇಷ್ಟ್ಯಾಕ ಭಾರ?"

"ಒಬ್ಬರಲ್ರಿ ಸಾಹೇಬ್ರ. ನಿಮ್ಮ ಡಬ್ಬಿ ಮ್ಯಾಲೆ ಎಂಟು ಮಂದಿ ಬಿದ್ದಾರ."

ಅಧಿಕಾರಿಗಳು ಪಲ್ಯ ಒರೆಸೋದು ಬಿಟ್ಟು, ಎದ್ದು ನಿಂತು ಕೈ ಮುಗಿದರು. ಯಾರಿಗೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ.

೩. ಕಂಪ್ಲಿಯ ಮುದುಕಿ

ಮೊದಲ ಸಲ ಹೆಣ್ಣುಮಗಳು ರಾಷ್ಟ್ರಪತಿ ಆದಾಗ ಕಂಪ್ಲಿಯ ಒಂದು ಕಚೇರಿಯಲ್ಲಿ ನಾನೇ ಏರಿಸಿದೆ. ಅಲ್ಲಿಗೆ ವಿಧವಾ ಪಿಂಚಣಿ ಕೇಳೋಕೆ ಬಂದಿದ್ದ ಒಬ್ಬ ಮುದುಕಿ ಫೋಟೋಕ್ಕೆ ನಮಸ್ಕಾರ ಮಾಡಿ, "ತಲೀ ಮ್ಯಾಲೆ ಸೆರಗು ಹೊದ್ದಾಳ, ಚಲೋ ಮನಿತನದಾಕಿ" ಅಂದಳು.

ಅವರು ಇಳಿದರು, ಗಂಡಸರು ಇಬ್ಬರು ಬಂದು ಹೋದರು. ಆಮೇಲೆ ಈಗಿನ ತಾಯಿಯವರು ಬಂದಾಗ ಅದೇ ಮೊಳೆಗೆ ಹಾಕೋಕೆ ಹೋದೆ. ಅದೇ ಮುದುಕಿ ಅದೇ ಬೆಂಚಿನ ಮೇಲೆ ಕುಂತಿದ್ದಾಳೆ. ಕಣ್ಣು ಕಿರಿದು ಮಾಡಿ ನೋಡಿದಳು.

"ಬಂದಳೇನು ಆಕಿ? ಇಷ್ಟು ವರ್ಷ ತವರುಮನ್ಯಾಗ ಇದ್ದಳೇನು?"

"ಇಲ್ಲಬೇ ಯವ್ವ, ಈಕಿ ಬ್ಯಾರೆ."

"ಬ್ಯಾರೆ? ಮತ್ತ ನಾ ಆಕಿ ಮುಂದ ಇಷ್ಟು ದಿನ ನನ್ನ ಕಷ್ಟ ಹೇಳಿಕೊಂಡದ್ದು?"

"ಈಕಿಗೂ ಒಮ್ಮೆ ಹೇಳು."

ಮುದುಕಿ ಬೆಂಚು ಎಳಕೊಂಡು ಫೋಟೋದ ಎದುರಿಗೆ ಕುಂತು ಮೊದಲಿಂದ ಶುರು ಮಾಡಿದಳು. ಒಳಗಿದ್ದ ಗುಮಾಸ್ತರು ಎದ್ದು ಚಹಾಕ್ಕೆ ಹೋದರು.

೪. ಸೋಮವಾರ

ಇಷ್ಟೆಲ್ಲಾ ನೆನಪಾಯಿತು, ಸಾಲು ಮಾತ್ರ ನೆನಪಾಗಲಿಲ್ಲ. ಸೋಮವಾರ ಸಾಹೇಬರ ಮುಂದೆ ನಿಂತಾಗ ತಲೆಯಲ್ಲಿ ಗಡ್ಡ, ಟೋಪಿ, ರುಮಾಲು, ಕನ್ನಡಕ ಎಲ್ಲಾ ಕಲಸಿ ಹೋಗಿದ್ದವು. ಬಾಗಿಲ ಹತ್ತಿರ ಗಾದಿಗನೂರಿನ ಒಬ್ಬ ಹಿರಿಯರು ಕುಂತಿದ್ದರು. ಮನೆ ಜಾಗದ ಹಕ್ಕುಪತ್ರಕ್ಕೆ ಅಂತ ಸೋಮವಾರಕ್ಕೊಮ್ಮೆ ಬಂದು ಕುಂದ್ರೋರು. ಅವರ ಎದುರಿಗೆ ಮರ್ಯಾದೆ ಹೋಗಬಾರದು ನೋಡ್ರಿ.

"ಬಾಯಾಗ ಯಾರು ಬೇಕಾದ್ರೂ ಹೇಳ್ತಾರ್ರಿ. ನಾನು ತೋರಿಸ್ತೀನಿ" ಅಂದೆ. ಸಾಹೇಬರ ಕುರ್ಚಿಯ ಹಿಂದಿನ ಕಟ್ಟು ಇಳಿಸಿ, ಟೇಬಲ್ ಮೇಲೆ ಬೋರಲು ಹಾಕದೆ, ಗಾಜು ತೆಗೆದು ಮುಂದಿನಿಂದಲೇ ಬಿಚ್ಚಿದೆ. ಸಾಹೇಬರು ಮೊಬೈಲಿನಲ್ಲಿ ಪಟ್ಟಿ ಹಿಡಿದು ನೋಡ್ತಾ ಹೋದರು. ಈಗಿನವರು. "ಸರಿ." ಅವರ ಹಿಂದಿನವರು. "ಸರಿ." ಉದ್ದ ಕೂದಲಿನವರು. "ಸರಿ, ಸರಿ." ನನಗೂ ಆಶ್ಚರ್ಯ. ಗಡ್ಡ ರುಮಾಲಿನವರ ತನಕ ಒಂದೂ ತಪ್ಪಲಿಲ್ಲ.

ಅವರನ್ನು ಎತ್ತಿದರೆ ಅಡಿಯಲ್ಲಿ ರಾಷ್ಟ್ರಪತಿ ಇಲ್ಲ. ಲಾಡಿ ಕಟ್ಟಿದ ಒಂದು ಫೈಲು.

ಗುಮಾಸ್ತರು ಬಿಚ್ಚಿ ಓದಿದರು. ಗಾದಿಗನೂರಿನ ಹಿರಿಯರ ಹೆಸರು, ಅವರ ಹಕ್ಕುಪತ್ರದ ಅರ್ಜಿ.

"ಇದು ಇಲ್ಲಿಗೆ ಹೇಗೆ ಬಂತು ಅಜ್ಜ?" ಸಾಹೇಬರು ಕೇಳಿದರು.

"ಆಗ ರಟ್ಟು ಸಿಗತಿದ್ದಿಲ್ರಿ. ಆಗಿನ ಗುಮಾಸ್ತರು, ಕಪಾಟಿನಾಗ ಯಾವುದಾರ ಹಳೇ ಫೈಲು ತಗೊಂಡು ಒತ್ತು ಕೊಡು ಅಂದಿದ್ರು. ಗಟ್ಟಿ ಇರೋದು ನೋಡಿ ತಗೊಂಡೆ."

"ಇನ್ನೆಷ್ಟು ಕಟ್ಟಲ್ಲಿ ಹೀಗೆ ಇಟ್ಟಿದ್ದೀರಿ?"

"ನೆನಪಿಲ್ರಿ."

ಸಾಹೇಬರು ಹಣೆ ಒತ್ತಿಕೊಂಡರು. "ಎಲ್ಲಾ ಕಚೇರಿಯದನ್ನೂ ನೀವೇ ಬಿಚ್ಚಿ, ನೀವೇ ಹೊಸದು ಹಾಕಿ. ಬೇರೆಯವರ ಕೈಗೆ ಕೊಟ್ಟರೆ ಅಪಾಯ." ಕೆಲಸ ಉಳೀತು. ಫೈಲಿನ ಹಿಂದಿನವರನ್ನು ಎಣಿಸೋದು ಯಾರಿಗೂ ನೆನಪಾಗಲಿಲ್ಲ. ನಾನೂ ನೆನಪು ಮಾಡಲಿಲ್ಲ.

ಅಷ್ಟರಲ್ಲಿ ಗಾದಿಗನೂರಿನ ಹಿರಿಯರು ಎದ್ದು ಟೇಬಲ್ ಹತ್ತಿರ ಬಂದರು. ಫೈಲು ನೋಡಿದರು, ಅದರ ಮೇಲಿದ್ದ ರುಮಾಲಿನವರನ್ನು ನೋಡಿದರು.

"ಮೀಸಿ ಕರ್ರಗಿದ್ದಾಗ ಕೊಟ್ಟ ಅರ್ಜಿರಿ ಇದು. ನಿನ್ನ ಕಾಗದ ರಾಷ್ಟ್ರಪತಿಗಳ ಕಡೆ ಹೋಗೇತಿ, ಸುಮ್ಮನ ಮನಿಗೆ ಹೋಗು ಅಂತ ಆಗಿನ ಗುಮಾಸ್ತರು ಅಂದಿದ್ರು. ನಾನ ನಂಬಿದ್ದಿಲ್ಲ. ಸುಳ್ಳು ಹೇಳ್ತಾರ ಅಂತ ಇಷ್ಟು ವರ್ಷ ಅವರನ್ನ ಬೈಕೋತ ಬಂದೆ."

ಹಿರಿಯರು ಸಾಹೇಬರ ಕಡೆ ಇನ್ನಷ್ಟು ಬಗ್ಗಿ ಮೆಲ್ಲಗೆ ಕೇಳಿದರು.

"ಸಹಿ ಮಾಡ್ಯಾರೇನು ನೋಡ್ರಿ?"