ಡ್ರೋನ್ ಕಣ್ಣಿಗೆ ಕಂಡ ಸೊಟ್ಟ ಗದ್ದೆ

ಡ್ರೋನ್ ಕ್ಯಾಮೆರಾ ಹಿಡಿದು ಊರೂರು ಸುತ್ತುವವನಿಗೆ ಗಾಳಿ, ಹದ್ದು, ಕರೆಂಟ್ ತಂತಿ ಎಲ್ಲ ಆಮೇಲಿನ ಮಾತು. ಮೊದಲು ದಾಟಬೇಕಾದ್ದು ಜನರ ಅನುಮಾನವನ್ನು. ನನಗಂತೂ ಇದು ವಾರದ ಸಂತೆಯಷ್ಟೇ ಖಾಯಂ.

ಗಾವಡಗೆರೆಯ ಪ್ರದಕ್ಷಿಣೆ

ಹೊಸ ಜಾಗಕ್ಕೆ ಹೋದರೆ ಡ್ರೋನಿಗೆ ದಿಕ್ಕು ತಪ್ಪುತ್ತದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಬೇಕು. ಮೂತಿ ಕೆಳಗೆ ಮಾಡಿ ಇನ್ನೊಂದು ಸುತ್ತು. ಗಾವಡಗೆರೆ ಹತ್ತಿರ ಬದುವಿನ ಮೇಲೆ ಹೀಗೆ ತಿರುಗುತ್ತಿದ್ದೆ. ಹೊಲದ ಅಜ್ಜಿ ಕುಡುಗೋಲು ಹಿಡಿದೇ ಬಂದರು.

“ಯಾರ ಮನೆ ಆಳು ಮಾಡಕ್ಕೆ ಮಾಟ ಮಾಡ್ತಿದ್ದೀಯಲಾ?”

“ಮಾಟ ಅಲ್ಲ ಕಣಜ್ಜಿ. ಇದಕ್ಕೆ ಉತ್ತರ ಯಾವ್ದು, ದಕ್ಷಿಣ ಯಾವ್ದು ಅಂತ ತೋರಿಸ್ತಿದ್ದೀನಿ.”

“ನೆಲದ ಮ್ಯಾಲೇ ದಿಕ್ಕು ತಿಳೀದೇ ಇರೋದನ್ನ ಮ್ಯಾಕೆ ಯಾಕ್ಲಾ ಆರುಸ್ತೀಯ?”

ಹುಣಸೂರಿನ ಬೆಂಚು

ಬೈಕಿನ ಕುಲುಕಾಟಕ್ಕೆ ಒಮ್ಮೆ ಕ್ಯಾಮೆರಾ ಹಿಡಿದಿರುವ ಗಿಂಬಲ್ ವಾಲಿಬಿಟ್ಟಿತು. ಪರದೆಯಲ್ಲಿ ತೆಂಗಿನ ಮರಗಳೆಲ್ಲ ಕುಡಿದವರ ಹಾಗೆ ನಿಂತಿದ್ದವು. ಅದು ನೆಟ್ಟಗಾಗಲು ಡ್ರೋನನ್ನು ಸಮತಟ್ಟಾದ ಕಡೆ ಇಟ್ಟು ಕ್ಯಾಲಿಬ್ರೇಶನ್ ಮಾಡಬೇಕು. ಹುಣಸೂರಿನಲ್ಲಿ ಪರಿಚಯದ ಬಡಗಿ ಸಾಬರ ಅಂಗಡಿಗೆ ಹೋದೆ.

“ನಿಮ್ ಬೆಂಚು ಸಮ ಇದ್ಯಾ ಸಾಬ್ರೇ?” ಅಂದದ್ದೇ ತಪ್ಪಾಯಿತು.

“ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಯಾರ್ರೀ ಕಳ್ಸಿದ್ದು ನಿಮ್ಮನ್ನ? ಎದುರಂಗಡಿಯೋನಾ?”

ರಸಮಟ್ಟ ತಂದು ಬೆಂಚಿನ ಮೇಲಿಟ್ಟರು. ಗುಳ್ಳೆ ನಟ್ಟನಡುವೆ ನಿಂತ ಮೇಲೇ ನನಗೆ ಜಾಗ ಸಿಕ್ಕಿದ್ದು. ಆದರೆ ಕ್ಯಾಲಿಬ್ರೇಶನ್ ಮೂರು ಸಲವೂ ಅರ್ಧಕ್ಕೇ ನಿಂತಿತು. ಸಾಬರು ಬಗ್ಗಿ ನೋಡಿ ಮೆಲ್ಲಗೆ ಕೇಳಿದರು: “ಸಾರ್, ಇದರ ಮೂತಿಗೆ ಹಾಕಿರೋ ಪ್ಲಾಸ್ಟಿಕ್ ಮುಚ್ಚಳ ತೆಗೆಯೋದು ಬೇಡ್ವಾ?”

ಚುಂಚನಕಟ್ಟೆಯ ಗದ್ದೆ

ಚುಂಚನಕಟ್ಟೆಯಲ್ಲಿ ಒಬ್ಬ ಯಜಮಾನರು ತಮ್ಮ ಭತ್ತದ ಗದ್ದೆಯನ್ನು ಮೇಲಿಂದ ವಿಡಿಯೋ ಮಾಡಿಸಲು ಕರೆದಿದ್ದರು. ದಾರಿಯ ಗುಂಡಿಗಳಿಗೆ ಗಿಂಬಲ್ ಮತ್ತೆ ವಾಲಿತ್ತು. ಡ್ರೋನ್ ಹಾರಿಸಿ ನಾನದನ್ನು ಗಮನಿಸುವ ಮೊದಲೇ ಯಜಮಾನರು ಪರದೆಗೆ ಕಣ್ಣಿಟ್ಟರು. ಗದ್ದೆಯೆಲ್ಲ ಪಕ್ಕದವರ ಕಡೆಗೆ ಇಳಿಜಾರು!

“ನಾನ್ ಯೋಳ್ತಿರ್ಲಿಲ್ವಾ? ನನ್ ನೀರೆಲ್ಲ ಅವನ ಗದ್ದೆಗೇ ಓಯ್ತಿತ್ತು!”

ಕೂಗು ಕೇಳಿ ಪಕ್ಕದ ಗದ್ದೆಯವರು ಪಂಚೆ ಎತ್ತಿಕಟ್ಟಿ ಓಡಿಬಂದರು. ಇಬ್ಬರೂ ತೋಳೇರಿಸಿದರು. ಗುದ್ದಲಿಯೂ ಮೇಲೆದ್ದಿತು.

“ಸ್ವಾಮಿ, ಸೊಟ್ಟಗಿರೋದು ಗದ್ದೆಯಲ್ಲ, ಕ್ಯಾಮೆರಾ!” ಎಂದು ಡ್ರೋನ್ ಇಳಿಸಿದೆ. ಕಲ್ಲುಚಪ್ಪಡಿಯ ಮೇಲಿಟ್ಟು ಕ್ಯಾಲಿಬ್ರೇಶನ್ ಮುಗಿಸಿ ಮತ್ತೆ ಹಾರಿಸಿದೆ. ಎರಡೂ ಗದ್ದೆ ತಟ್ಟೆಯ ಹಾಗೆ ಸಮ. ಪಕ್ಕದವರು ಉಸಿರುಬಿಟ್ಟು ಹೊರಟರು.

ಯಜಮಾನರು ಮಾತ್ರ ನನ್ನನ್ನು ಮರದ ಮರೆಗೆ ಕರೆದು ಪಿಸುದನಿಯಲ್ಲಿ ಕೇಳಿದರು: “ದಿಟ ಯೋಳಪ್ಪ. ಅವನು ಬರೋಗಂಟ ಸೊಟ್ಟಗಿದ್ದ ಗದ್ದೆ, ಅವನು ಬಂದೇಟ್ಗೆ ಎಂಗೆ ನೆಟ್ಟಗಾಯ್ತು?”