ನಕ್ಷತ್ರದ ಸೆಂಟೂ ಲೊರೆಟ್ಟಾಳ ಮುಖವೂ

ದೇವರು ನನಗೆ ಕೊಟ್ಟಿರುವ ಮುಖ ಹಳೆಯ ತಾಮ್ರದ ನಾಣ್ಯ ಕೂಡಿಸುವವನಿಗೆ ತಕ್ಕದ್ದಲ್ಲ. ಒಳಗೆ ಆದದ್ದೆಲ್ಲ ಆ ಕ್ಷಣವೇ ಅದರ ಮೇಲೆ ಜಗಜ್ಜಾಹೀರಾಗುತ್ತದೆ. ಡಾಲರಿನ ನೂರರಲ್ಲೊಂದು ಪಾಲಾದ ಹಳೆಯ ಸೆಂಟೊಂದು ಕಣ್ಣಿಗೆ ಬಿತ್ತೋ, ಹುಬ್ಬು ಮೇಲೇರಿ, ಬಾಯಿ ತೆರೆದು, ಗಂಟಲಿನಿಂದ 'ಹಾ!' ಎಂದು ಹೊರಡುತ್ತದೆ. ಏನು ಮಾಡಲಿ? ನಮ್ಮ ಅಮೆರಿಕದ ಗಣರಾಜ್ಯಕ್ಕೆ ಇನ್ನೂ ಹಾಲುಹಲ್ಲು ಇದ್ದ ಕಾಲದಲ್ಲಿ ಯಾವನೋ ಪುಣ್ಯಾತ್ಮ ಕೈಯಿಂದಲೇ ಉಕ್ಕಿನಚ್ಚು ಕೆತ್ತಿ ಒತ್ತಿದ ದುಡ್ಡು ಅದು! ಅದನ್ನು ಕೊಟ್ಟು ಯಾರೋ ಮೊಳೆ ಕೊಂಡರು, ಯಾರೋ ಮೇಣದಬತ್ತಿ ಕೊಂಡರು. ಅವರೆಲ್ಲ ಮಣ್ಣಾಗಿ ಹೋದರು, ದುಡ್ಡು ಮಾತ್ರ ನನ್ನ ಅಂಗೈಯಲ್ಲಿ ಬೆಚ್ಚಗೆ ಕೂತಿದೆ. ಇದಕ್ಕೂ ಬಾಯಿ ಬಿಡದವರನ್ನು ಕಂಡರೆ ನನಗೆ ಅನುಮಾನ.

ಆದರೆ ನಾಣ್ಯ ಮಾರುವ ಹೈರಮ್‌ಗೆ ನನ್ನ 'ಹಾ' ಎಂದರೆ ಪ್ರಾಣ. ಅದು ಕಿವಿಗೆ ಬಿದ್ದ ಕೂಡಲೇ ಹಳೆಯ ಬೆಲೆಚೀಟಿ ಕಿತ್ತು ಹೊಸದು ಅಂಟಿಸುತ್ತಾನೆ.

ಹೋದ ಶನಿವಾರ ನಮ್ಮ ಕನೆಕ್ಟಿಕಟ್‌ನ ಊರಿನ ಚರ್ಚ್ ಸಭಾಂಗಣದಲ್ಲಿ ಹಳೆಯ ಸಾಮಾನಿನ ಸಂತೆ. ಹೈರಮ್‌ನ ತಟ್ಟೆಯಲ್ಲಿ, 'ಯಾವುದಾದರೂ ಇಪ್ಪತ್ತು ಡಾಲರ್' ಎಂಬ ಬಡಪಾಯಿಗಳ ನಡುವೆ, ೧೭೯೪ರ ಒಂದು ಸೆಂಟು ಬೆನ್ನು ಮೇಲೆ ಮಾಡಿ ಮಲಗಿತ್ತು. ಅಂಚಿನ ಹಲ್ಲುಗಳ (ಸುತ್ತಲೂ ಸಾಲಾಗಿ ಕೆತ್ತಿದ ಗೀರುಗಳಿಗೆ ನಾವು ಹಾಗೆನ್ನುತ್ತೇವೆ) ಸಂದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಏನೋ! ಆ ವರ್ಷದ ಒಂದೇ ಒಂದು ಅಚ್ಚಿನಲ್ಲಿ ಯಾರೋ ಅಂಚಿನ ಸುತ್ತ ಸಾಸಿವೆಗಿಂತ ಸಣ್ಣ ನಕ್ಷತ್ರಗಳನ್ನು ಕೆತ್ತಿಟ್ಟಿದ್ದಾರೆ. ಯಾರು, ಯಾಕೆ, ಇವತ್ತಿಗೂ ಯಾರಿಗೂ ತಿಳಿಯದು. ಆ ಅಚ್ಚಿನ ನಾಣ್ಯವೊಂದನ್ನು ಹಿಡಿಯಬೇಕೆಂದು ನಾನು ಅರ್ಧ ಆಯುಷ್ಯ ಕಳೆದಿದ್ದೇನೆ. ಉಕ್ಕಿ ಬಂದ 'ಹಾ'ವನ್ನು ಕೆಮ್ಮಾಗಿ ಪರಿವರ್ತಿಸಿ, ಕಾಫಿ ಮೇಜಿನ ಹತ್ತಿರ ನಿಂತಿದ್ದ ನನ್ನ ಹೆಂಡತಿಯ ಬಳಿಗೆ ಓಡಿದೆ.

ಲೊರೆಟ್ಟಾಳದು ಕಲ್ಲಿನಂಥ ಮುಖ. (ಮಧುಚಂದ್ರಕ್ಕೆ ನಯಾಗರಕ್ಕೆ ಕರೆದೊಯ್ದಾಗ, ಆ ಮಹಾಜಲಪಾತವನ್ನು ಆಪಾದಮಸ್ತಕ ನೋಡಿ, "ಒದ್ದೆ ಆಗ್ತೀವಿ, ನಡಿ" ಎಂದಿದ್ದಳು.) ಆ ಮುಖದಲ್ಲಿ ಬೆರಗು ಕಾಣಲು ನಾನು ಪಡದ ಪಾಡಿಲ್ಲ. ಅಂದು ಮಾತ್ರ ಅದೇ ನನ್ನ ಬ್ರಹ್ಮಾಸ್ತ್ರ.

"ಈ ಭೂತಗನ್ನಡಿ ತಗೋ, ಹೈರಮ್ ತಟ್ಟೆಯಲ್ಲಿ ಬೆನ್ನು ಮೇಲೆ ಮಾಡಿ ಮಲಗಿರೋ ಸೆಂಟನ್ನು ನೋಡು. ಅಂಚಿನಲ್ಲಿ ನಕ್ಷತ್ರ ಇದ್ದರೆ ದುಡ್ಡು ಕೊಟ್ಟು ಬಾ, ಇಲ್ಲದಿದ್ದರೆ ಸುಮ್ಮನೆ ಬಾ. ಎರಡಕ್ಕೂ ಒಂದೇ ಮುಖ ಇರಲಿ."

"ನನಗಿರೋದೇ ಒಂದು ಮುಖ, ಎಲ್ಡನ್."

"ಮತ್ತೆ, ಕೈಯಿಂದ ಬಿಡಬೇಡ! ಹಿಡಿದವರು ಬಿಡೋವರೆಗೂ ಬೇರೆಯವರು ಅದನ್ನ ಕೇಳೋ ಹಾಗಿಲ್ಲ. ಥರ್ಸ್ಟನ್ ಇಲ್ಲೇ ಸುಳಿದಾಡ್ತಿದ್ದಾನೆ." (ಥರ್ಸ್ಟನ್ ನಿವೃತ್ತ ದಂತವೈದ್ಯ, ತಾಮ್ರದಲ್ಲಿ ನನ್ನ ಆಜನ್ಮ ವೈರಿ. ಹತ್ತು ವರ್ಷದಿಂದ ಮಾತಿಲ್ಲ.)

ಲೊರೆಟ್ಟಾ ಆಲೂಗಡ್ಡೆ ಆರಿಸುವವಳಂತೆ ನಾಣ್ಯ ಎತ್ತಿಕೊಂಡಳು. ಗಾಜಿಗೆ ಕಣ್ಣಿಟ್ಟಳು. ನಾಣ್ಯವನ್ನು ಮೆಲ್ಲಗೆ ತಿರುಗಿಸಿದಳು. ಇನ್ನೂ ತಿರುಗಿಸುತ್ತಲೇ ಇದ್ದಳು. ದೂರದಿಂದ ನೋಡುತ್ತಿದ್ದ ನನ್ನ ಕೈಯ ಡೋನಟ್ ಪುಡಿಯಾಯಿತು.

"ಅಯ್ಯೋ ದೇವರೇ!" ಸಭಾಂಗಣವಿಡೀ ತಿರುಗಿತು. "ನಕ್ಷತ್ರ! ಎಲ್ಡನ್, ಸುತ್ತಲೂ ನಕ್ಷತ್ರ ಕಣೋ! ಇಷ್ಟಿಷ್ಟೇ! ಈ ಕಡೆ ಅಚ್ಚಾಗಿರೋ ಈ ಹುಡುಗಿಯ ಕೂದಲು ನೋಡು, ಈಗ ತಾನೇ ಗಾಳಿ ಬೀಸಿದ ಹಾಗಿದೆ!"

ಹೈರಮ್ ಚೀಟಿ ಕೀಳುತ್ತಿದ್ದ. ನಾನು ಕುರ್ಚಿ ಮೇಜುಗಳನ್ನು ಹಾರಿ ಓಡಿದೆ. ಅಷ್ಟರಲ್ಲಿ ನನ್ನ ಧರ್ಮಪತ್ನಿ, ಕಣ್ಣಲ್ಲಿ ನೀರು ತುಂಬಿಕೊಂಡು, ಪಕ್ಕದಲ್ಲಿದ್ದವರ ಕೈಗೆ ನಾಣ್ಯ ಇಟ್ಟಳು.

"ನೀವೂ ನೋಡಿ, ಪಾಪ!"

ಪಾಪದವನು ಥರ್ಸ್ಟನ್. ಹೈರಮ್ ಹೇಳಿದ ಹೊಸ ಬೆಲೆಗೆ ನಾನು ಕಾರನ್ನೇ ಮಾರಬೇಕಿತ್ತು. ಥರ್ಸ್ಟನ್ ಕಣ್ಣು ಮಿಟುಕಿಸದೆ ಎಣಿಸಿ ಕೊಟ್ಟ. ಎಷ್ಟು ಹಲ್ಲು ಕಿತ್ತು ಕೂಡಿಟ್ಟದ್ದೋ!

ಕಾರಿನಲ್ಲಿ ಕೂತ ಮೇಲೆ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದು ತಿರುಗಿದೆ. ಅವಳ ಮುಖ ಇನ್ನೂ ಹಾಗೇ ಇತ್ತು, ನಯಾಗರದಲ್ಲಿ ನಾನು ಕಾಯುತ್ತ ನಿಂತಿದ್ದೆನಲ್ಲ, ಆ ಮುಖ. ಸಿಟ್ಟು ಎಲ್ಲಿ ಹೋಯಿತೋ, ನಾನು ಅವಳನ್ನೇ ನೋಡುತ್ತ ಕೂತೆ.

"ಇಷ್ಟು ಚೆಂದ ಇರುತ್ತೆ ಅಂತ ನೀನು ಹೇಳಲೇ ಇಲ್ಲ."

"ಮದುವೆಯಾದಾಗಿನಿಂದ ಹೇಳ್ತಾ ಇದ್ದೀನಲ್ಲೇ!"

"ನೀನು ಹೇಳಿದ್ದು ಯಾವ ಎಲೆ ಯಾವ ಅಕ್ಷರದ ಕೆಳಗಿದೆ, ಅಚ್ಚಿನ ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ. ಥರ್ಸ್ಟನ್ ಎಷ್ಟು ಚೆನ್ನಾಗಿ ವಿವರಿಸಿದರು! ನಾಳೆ ಮನೆಗೆ ಬನ್ನಿ ಅಂದಿದ್ದಾರೆ. ನೀನೂ ಬರಬಹುದಂತೆ."

ಹೋದೆ. ನಕ್ಷತ್ರ ನೋಡಬೇಕಿತ್ತು, ಮಾನ ಮರ್ಯಾದೆ ಆಮೇಲೆ. ವೈರಿಯ ಸೋಫಾದ ತುದಿಯಲ್ಲಿ, ಲೊರೆಟ್ಟಾ ಅವನಿಗೆಂದೇ ಮಾಡಿದ ಸೇಬಿನ ಪೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವರಿಬ್ಬರೂ ದೀಪದ ಕೆಳಗೆ ಬಾಗಿದ್ದರು. ಕೊನೆಗೆ ನನ್ನ ಸರದಿ ಬಂತು. ಗಾಜಿಗೆ ಕಣ್ಣಿಟ್ಟೆ. ಆಹಾ, ಹಲ್ಲು ಹಲ್ಲಿನ ಸಂದಿಯಲ್ಲೂ ಒಂದೊಂದು ನಕ್ಷತ್ರ! ಹುಬ್ಬು ಏರಿತು, ಬಾಯಿ ತೆರೆಯಿತು, 'ಹಾ' ಇನ್ನೇನು ಹೊರಡಬೇಕು, ಅಷ್ಟರಲ್ಲಿ ಲೊರೆಟ್ಟಾ ಫಕ್ಕನೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಎಲ್ಡನ್! ಉಗುಳು ಸಿಡಿದರೆ ತಾಮ್ರಕ್ಕೆ ಕಲೆ ಬೀಳುತ್ತೆ. ಇಷ್ಟು ವರ್ಷ ನಾಣ್ಯ ಹಿಡಿದಿದ್ದೀಯ, ಅಷ್ಟೂ ಗೊತ್ತಿಲ್ವಾ?"